ಎರಡು ಅಂಗಡಿಯ ನಡುವಿನ ಲೈನು

ನಾನೂ ನಮ್ಮಣ್ಣನೂ ಮಾತು ಬಿಟ್ಟು ಎರಡು ವರ್ಷದ ಮೇಲಾಗಿತ್ತು. ಮೊದಲು ಬಾಯಿ ಬಿಡೋದು ಯಾರು ಅನ್ನೋದೊಂದೇ ನಮ್ಮಿಬ್ಬರ ನಡುವೆ ಉಳಿದಿದ್ದ ವಿಷಯ. ಜಗಳದ ಬಿಸಿ ಎಂದೋ ಆರಿಹೋಗಿತ್ತು. ಕೋಪವೂ ಇರಲಿಲ್ಲ ಅಂದರೆ ನಂಬಿ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತಲ್ಲ, ಹಾಗಾಗಿತ್ತು. ಕಾಲು ನನ್ನದೇ, ಚಿವುಟಿದರೆ ಗೊತ್ತಾಗದು. ಅವನು ಉಡಿಗಾಲದಲ್ಲಿ, ನಾನು ಗುಂಡ್ಲುಪೇಟೆಯಲ್ಲಿ. ಅಮೆರಿಕವೇನಲ್ಲ. ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಸೋದರೊಳಗೆ ಅವನ ಗೋಡೌನಿನ ಮುಂದೆ ಇಳಿಯಬಹುದಿತ್ತು. ಇಳಿಯಲಿಲ್ಲ.

ನಮ್ಮದು ಬಾಳೆಕಾಯಿ ವ್ಯಾಪಾರ. ನಮ್ಮಪ್ಪ, ದೊಡ್ಡಪ್ಪ ಕೂಡಿ ಶುರು ಮಾಡಿದ್ದು. ಉಡಿಗಾಲದ ಗೋಡೌನಿಗೆ ಸುತ್ತಲ ತೋಟಗಳ ಗೊನೆ ಬಂದು ಬೀಳುತ್ತೆ. ಅದನ್ನು ಅಣ್ಣ ನೋಡಿಕೊಳ್ತಿದ್ದ. ಗುಂಡ್ಲುಪೇಟೆಯಲ್ಲಿ ಮಂಡಿ, ಅದು ನನ್ನ ಪಾಲಿನ ಕೆಲಸ. ಕೇರಳದ ವ್ಯಾಪಾರಿಗಳು ಬರೋದು, ನೇಂದ್ರಬಾಳೆ ಲಾರಿಗೆ ತುಂಬಿ ಕೇರಳದ ದಾರಿಯ ಮದ್ದೂರಿನ ಕಡೆ ಬಿಡೋದು ಎಲ್ಲ ಅಲ್ಲಿಂದಲೇ. ರಾತ್ರಿ ಕಾಡಿನ ಗೇಟು ಹಾಕಿಬಿಡ್ತಾರಲ್ಲ, ಅದಕ್ಕೆ ಮುಂಚೆ ಲಾರಿ ದಾಟಿಸಬೇಕು ಅನ್ನೋ ಗಡಿಬಿಡಿಯಲ್ಲೇ ನನ್ನ ಅರ್ಧ ಆಯಸ್ಸು ಸವೆದಿದೆ. ಚಾಮರಾಜನಗರದಲ್ಲಿ ಆಫೀಸು, ಪಕ್ಕದಲ್ಲೇ ಲಾರಿ ತೂಗೋ ವೇಬ್ರಿಜ್ಜು. ದೊಡ್ಡಪ್ಪ ಹೋದ ಮೇಲೆ ಆಫೀಸಿನ ಕುರ್ಚಿಯಲ್ಲಿ ದೊಡ್ಡವ್ವ ಕೂತಳು. ಕೂತವಳು ಇವತ್ತಿಗೂ ಎದ್ದಿಲ್ಲ. ಗಟ್ಟಿಗಿತ್ತಿ.

ಮೂರೂ ಕಡೆ ಸೇರಿಸಿ ಒಂದು ಖಾಸಗಿ ಲೈನು ಹಾಕಿಸಿದವನು ನಾನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು ಬಾಳೆಕಾಯಿ ಮಾರೋಕೆ ಕೂತರೆ ಇಂಥ ಹುಚ್ಚು ಇರೋದೇ. ಲೈನು ಹಾಕಿದ ಕಂಪನಿಯ ಕೇಬಲ್ಲು ಹೊರಗೆ ಎಲ್ಲೆಲ್ಲಿ ಸುತ್ತಿ ಬರುತ್ತೋ ನಮಗೆ ಬೇಡ. ನಮ್ಮ ಲೆಕ್ಕಕ್ಕೆ ಮೂರು ಊರೂ ಒಂದೇ ಹಜಾರದಲ್ಲಿ ಇದ್ದಂತೆ. ಅದರಲ್ಲಿ ಹೊರಗಿನವರು ಕಾಲಿಡೋ ಹಾಗಿಲ್ಲ. ವೇಬ್ರಿಜ್ಜಿನ ತೂಕ ಅಲ್ಲಿ ಬಿದ್ದರೆ ನನ್ನ ಕಂಪ್ಯೂಟರಲ್ಲಿ ಕಾಣೋದು. ಮೂರು ಮೇಜಿನ ಮೇಲೂ ಫೋನು, ಒಂದು ಬಟನ್ ಒತ್ತಿದರೆ ಆ ಊರು. ಕ್ಯಾಮೆರಾಗಳೂ ಅದೇ ಲೈನಲ್ಲಿ. ಅಣ್ಣ ಬಹಳ ಹೆಮ್ಮೆಪಟ್ಟಿದ್ದ. ಬಂದವರಿಗೆಲ್ಲ ತೋರಿಸೋನು, "ನೋಡ್ರೀ, ಗುಂಡ್ಲುಪೇಟೆ ಮಂಡಿ ಇಲ್ಲೇ ಕಾಣ್ತದೆ. ನಮ್ ತಮ್ಮ ಮಾಡ್ಸಿರೋದು ಕಣ್ರೀ."

ಅದೇ ಮುಳುವಾಯ್ತು. ಕಾಣುತ್ತೆ ಅಂದ ಮೇಲೆ ನೋಡದೆ ಇರ್ತಾನಾ? ಗೋಡೌನಲ್ಲಿ ಕೆಲಸ ಕಡಿಮೆ ಇದ್ದಾಗಲೆಲ್ಲ ನನ್ನ ಮಂಡಿ ನೋಡ್ಕೊಂಡು ಕೂರೋನು. ಟಿವಿ ನೋಡಿದ ಹಾಗೆ. ಆಮೇಲೆ ಫೋನು. "ಏನ್ಲಾ, ಇನ್ನೂ ಕಸ ಗುಡ್ಸಿಲ್ಲ?" "ಆ ಕೆಂಪು ಸರ್ಟಿನವನ್ಯಾರ್ಲಾ, ಗೊನೆ ಒದೀತಾವ್ನಲ್ಲ, ಗದರು." "ಅದೆಷ್ಟು ಸಲ ಟೀ ಕುಡೀತೀಯಾ?" ನಾನು ನಲವತ್ತು ದಾಟಿದವನು. ನನ್ನ ಮಗಳಿಗೆ ಮೀಸೆ ತಿರುವಿ ಬುದ್ಧಿ ಹೇಳೋನು. ನನ್ನ ಟೀ ಇವನು ಎಣಿಸ್ತಾನೆ!

ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲೇ ಸ್ವಲ್ಪ ಕಣ್ಣು ಮುಚ್ಚಿದೆ. ಎದುರಿಗೆ ಬೆಂಚಿನ ಮೇಲೆ ಕೇರಳದ ವ್ಯಾಪಾರಿಗಳು ಕೂತಿದ್ದರು. ಫೋನು ಬಡಕೊಂಡಿತು. ನಿದ್ದೆಗಣ್ಣಲ್ಲಿ ಯಾವುದೋ ಬಟನ್ ಒತ್ತಿದೆ, ಸ್ಪೀಕರ್ ಆನ್ ಆಯ್ತು. ಇಡೀ ಮಂಡಿಗೆ ಕೇಳೋ ಹಾಗೆ ಅಣ್ಣನ ಗಂಟಲು: "ಬಿದ್ಕಂಡಿದ್ದೀಯೇನ್ಲಾ? ಎದ್ದು ಮಖ ತೊಳ್ಕೊ, ಜೊಲ್ಲು ಸುರೀತಾದೆ!" ವ್ಯಾಪಾರಿಗಳು ಮಲಯಾಳದಲ್ಲಿ ಏನೋ ಅಂದು ನಕ್ಕರು. ಹಮಾಲಿಗಳೂ ನಕ್ಕರು. ನಾನು ಮೇಜಿನ ಕೆಳಗೆ ಬಗ್ಗಿ ಕ್ಯಾಮೆರಾದ ವೈರು ಕಿತ್ತು ಬಿಸಾಕಿದೆ. ಸಂಜೆ ಉಡಿಗಾಲಕ್ಕೆ ಹೋಗಿ ಅವನ ಮುಖಕ್ಕೆ ಬಾಯಿಗೆ ಬಂದಿದ್ದೆಲ್ಲ ಅಂದೆ. ಅವನೂ ಸುಮ್ಮನಿರೋ ಜಾತಿಯಲ್ಲ. "ನಿಂಗೆ ಅನ್ನ ಹಾಕ್ದೋನು ನಾನು" ಅಂದುಬಿಟ್ಟ. ಅಪ್ಪ ಸತ್ತಾಗ ನಾನು ಚಿಕ್ಕವನು, ಅವನು ಅಂದಿದ್ದು ನಿಜ. ನಿಜವಾದ್ದರಿಂದಲೇ ತಡೆಯೋಕಾಗಲಿಲ್ಲ.

ಪಾಲಾಯ್ತು. ನೆಂಟರಲ್ಲಿ ಹಿರಿಯರು ಚಾಮರಾಜನಗರದ ಆಫೀಸಿನಲ್ಲಿ ಸೇರಿದರು. ಗೋಡೌನು ಅಣ್ಣಂಗೆ, ಮಂಡಿ ನಂಗೆ. ವೇಬ್ರಿಜ್ಜನ್ನು ಕುಯ್ದು ಹಂಚೋಕಾಗುತ್ತಾ? ಅದು, ಆಫೀಸು ಎರಡೂ ದೊಡ್ಡವ್ವನ ಕೈಲೇ ಒಟ್ಟಾಗಿ ಇರಲಿ ಅಂದರು. ಅಷ್ಟು ಹೊತ್ತಿಗೆ ನಾವು ಮಾತು ಬಿಟ್ಟಾಗಿತ್ತು. ನಮ್ಮ ಕಡೆ ಮಾತು ಬಿಟ್ಟವರು ಒಂದೇ ಕೋಣೆಯಲ್ಲಿ ಕೂತಾಗ ಹೇಗೆ ಮಾತಾಡ್ತಾರೆ ಅಂತ ನಿಮಗೆ ಗೊತ್ತಿರಬೇಕು. ನಡುವೆ ಒಬ್ಬರನ್ನು ಕೂರಿಸಿಕೊಂಡು ಅವರಿಗೆ ಹೇಳೋದು. ಅವರು ಇನ್ನೊಬ್ಬರಿಗೆ ಹೇಳೋದು. ಇಬ್ಬರಿಗೂ ಕಿವಿ ಚೆನ್ನಾಗೇ ಕೇಳುತ್ತೆ, ಆದರೂ ನಡುವಿನವರ ಬಾಯಿಂದ ಬರೋವರೆಗೂ ಕೇಳಿಸಿಲ್ಲದವರ ಥರ ಗೋಡೆ ನೋಡ್ತಾ ಕೂರಬೇಕು.

"ದೊಡ್ಡವ್ವ, ಅವನ್ಗೆ ಯೋಳು. ನನ್ ಗೋಡೌನು ಇನ್ಮೇಲೆ ಅವನ್ಗೆ ಕಾಣ್ಬಾರ್ದು," ಅಂದ ಅಣ್ಣ.

"ನನ್ನ ಮಂಡೀನೂ ಅವರಿಗೆ ಕಾಣಬಾರದು ಅಂತ ಹೇಳು ದೊಡ್ಡವ್ವ," ಅಂದೆ ನಾನು.

"ಇದೊಂದ್ರಲ್ಲಾದ್ರೂ ಇಬ್ರೂ ಒಂದಾದ್ರಲ್ಲ ಬುಡು, ನನ್ ಪುಣ್ಯ," ಅಂದಳು ದೊಡ್ಡವ್ವ.

ಕಂಪನಿಯವನನ್ನು ಕರೆಸಿದೆವು. ತಾಳ್ಮೆಯ ಮನುಷ್ಯ, ತಲೆ ಅರ್ಧ ನರೆತಿತ್ತು. ಲೈನನ್ನೇ ತೆಗೆಸಿದರೆ ವೇಬ್ರಿಜ್ಜಿನ ತೂಕ ಇಬ್ಬರಿಗೂ ಸಿಗಲ್ಲ, ಹಾಗಾಗಿ ಬೇರೆ ಏರ್ಪಾಡು ಇದೆ ಅಂದ. "ಒಂದು ಮರ ಅಂದ್ಕೊಳ್ಳಿ ಸಾರ್. ಈ ಆಫೀಸು ಬುಡ. ನೀವಿಬ್ಬರೂ ಎಲೆ. ಎಲೆಯಿಂದ ಬುಡಕ್ಕೆ ಹೋಗುತ್ತೆ, ಬುಡದಿಂದ ಎಲೆಗೆ ಬರುತ್ತೆ. ಎಲೆಯಿಂದ ಎಲೆಗೆ ಏನೇ ಹೊರಟರೂ ನಮ್ಮ ಕಡೆ ದಾರಿಯಲ್ಲೇ ಬೀಳಿಸಿಬಿಡ್ತೀವಿ. ಒಬ್ಬರಿಗೊಬ್ಬರು ಇದ್ದೀರಿ ಅಂತಲೇ ಗೊತ್ತಾಗಲ್ಲ."

"ಎಲೆ ಎಲೆ ತಾಕ್ದೆ ಇರೋ ಮರ ಎಲ್ಲದಪ್ಪಾ?" ಅಂದಳು ದೊಡ್ಡವ್ವ.

ಕಂಪನಿಯವನು ಎಲ್ಲ ಮುಗಿಸಿ ನನ್ನ ಮಂಡಿಗೆ ಬಂದು ಪರೀಕ್ಷೆ ಮಾಡಿದ. ನನ್ನ ಕಂಪ್ಯೂಟರಲ್ಲಿ ಉಡಿಗಾಲದ ಕ್ಯಾಮೆರಾ ಕಪ್ಪಗಾಗಿತ್ತು. ವೇಬ್ರಿಜ್ಜಿನ ತೂಕ ಬರ್ತಿತ್ತು. ಇಲ್ಲಿಂದ ದೊಡ್ಡವ್ವನಿಗೆ ಫೋನ್ ಮಾಡಿ ನೋಡಿದ, ಸ್ಪಷ್ಟವಾಗಿ ಕೇಳ್ತಿತ್ತು. ಉಡಿಗಾಲದಿಂದ ದೊಡ್ಡವ್ವನಿಗೂ ಬೆಳಿಗ್ಗೆಯೇ ನೋಡಿ ಬಂದಿದ್ದ. "ಉಡಿಗಾಲಕ್ಕೊಂದು ಫೋನ್ ಮಾಡ್ತೀರಾ ಸಾರ್, ಅದನ್ನೂ ನೋಡಿಬಿಡೋಣ" ಅಂದ.

"ನಾನ್ಯಾಕ್ರೀ ಮಾಡ್ಲಿ?" ಅಂದೆ.

ಸರಿ ಸಾರ್ ಅಂತ ಚೀಲ ಕಟ್ಟಿಕೊಂಡು ಹೋದ. ನಮ್ಮಿಬ್ಬರ ನಡುವಿನ ಫೋನು ಸರಿಯಿದೆಯೋ ಇಲ್ಲವೋ ಅಂತ ನೋಡೋದು ಯಾರಿಗೂ ಬೇಕಾಗಿರಲಿಲ್ಲ. ಮಾತು ಬಿಟ್ಟವರ ಮನೆಯಲ್ಲಿ ಅದು ಯಾರ ಗರಜು ಹೇಳಿ.

ಆಮೇಲೆ ನೆಮ್ಮದಿ ಸಿಕ್ಕಿತು ಅಂದುಕೊಂಡೆ. ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದೆ. ಯಾರೂ ಏಳಿಸಲಿಲ್ಲ. ಒಂದು ವಾರ ಖುಷಿಯಾಗಿತ್ತು, ಆಮೇಲೆ ನಿದ್ದೆ ಬರೋದೇ ನಿಂತಿತು. ಕುರ್ಚಿಯಲ್ಲಿ ಸುಮ್ಮನೆ ಕೂರ್ತಿದ್ದೆ. ಲಾರಿ ಬರ್ತಿತ್ತು, ಹೋಗ್ತಿತ್ತು. ಅಣ್ಣನ ಗೋಡೌನಿನ ಕಾಯಿ ನನ್ನ ಮಂಡಿಗೇ ಬರಬೇಕಲ್ಲ, ಬೇರೆ ದಾರಿಯಿಲ್ಲ. ಅದರ ಮಾತೆಲ್ಲ ದೊಡ್ಡವ್ವನ ಮೂಲಕ. "ನಾಳೆ ಎರಡು ಲೋಡು ಬತ್ತದಂತೆ, ಅವನಂದ." "ಕಾಯಿ ಎಳೇದು ಅಂತಾನೆ ಇವನು, ನೋಡಿ ಕುಯ್ಸಬೇಕಂತೆ." ಅವಳು ಎರಡು ಫೋನಿಗೆ ಮಧ್ಯೆ ಕೂತು ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿಸ್ತಿದ್ದಳು. ಬಯ್ಗುಳ ಇದ್ದರೆ ಅವಳೇ ನುಂಗಿಕೊಳ್ಳೋಳು, ಅದು ನನಗೆ ಗೊತ್ತಿತ್ತು. ಹಬ್ಬಕ್ಕೆ ಅತ್ತಿಗೆ ಕಜ್ಜಾಯ ಕಳಿಸಿದರೆ ಅದೂ ಚಾಮರಾಜನಗರ ಸುತ್ತಿ ಬರೋದು. ಮೊಬೈಲಲ್ಲಿ ಅವನನ್ನು ನಾನು ಬ್ಲಾಕ್ ಮಾಡಿದ್ದೆ, ಅವನೂ ನನ್ನನ್ನು ಮಾಡಿದ್ದ. ಅವನ ಮಗಳ ಕಾಲೇಜು, ನನ್ನ ಹೆಂಡತಿಯ ಕಾಲುನೋವು ಎಲ್ಲ ಇಬ್ಬರಿಗೂ ಗೊತ್ತಾಗ್ತಿತ್ತು. ಒಬ್ಬರ ಗಂಟಲು ಇನ್ನೊಬ್ಬರಿಗೆ ಕೇಳ್ತಿರಲಿಲ್ಲ ಅಷ್ಟೆ.

ಹೀಗೇ ಇರ್ತಿತ್ತೇನೋ. ಒಂದು ಸಂಜೆ ಲಾರಿಗಳನ್ನು ಮದ್ದೂರಿನ ಕಡೆ ಕಳಿಸಿ ಕೈಕಾಲು ತೊಳೆದು ಕೂತಿದ್ದೆ. ದೊಡ್ಡವ್ವನ ಫೋನು.

"ನಿಮ್ಮಣ್ಣಂಗೆ ಎದೆ ಆಪರೇಸನ್ ಕಣ್ಲಾ. ನಾಳೆ ಬೆಳಿಗ್ಗೆ ಮೈಸೂರ್ಗೆ ಕರ್ಕಂಡೋಯ್ತಾರೆ."

"ಏನಾಗಿದೆ?"

"ರಕ್ತದ ನಾಳ ಮುಚ್ಕಂಡವಂತೆ. ನಿಂಗೆ ಯೋಳ್ಬ್ಯಾಡ ಅಂದಿದ್ದ, ಯೋಳ್ತಾವ್ನಿ."

ಏನಾದರೂ ಅನ್ನಿಸಬೇಕಿತ್ತು. ಎದೆ ಧಸಕ್ ಅನ್ನುತ್ತೆ ಅಂತಾರಲ್ಲ, ನಂಗೇನೂ ಅನ್ನಲಿಲ್ಲ. ಮೇಜಿನ ಮೇಲೆ ಒಂದು ನೊಣ ಓಡಾಡ್ತಿತ್ತು, ಅದನ್ನೇ ನೋಡ್ತಿದ್ದೆ. ಕೊನೆಗೆ ಬಾಯಿಗೆ ಬಂದಿದ್ದು ರೂಢಿಯ ಮಾತೇ. "ಹುಷಾರಾಗಿರೋಕೆ ಹೇಳು ದೊಡ್ಡವ್ವ."

"ಯೋಳಾಕಿಲ್ಲ," ಅಂದಳು. ಅವಳ ಸ್ವರ ಅಷ್ಟು ಗಡುಸಾಗಿದ್ದು ನಾನು ಕೇಳಿರಲಿಲ್ಲ. "ಎಲ್ಡು ವರ್ಸ ಯೋಳಿದ್ದೀನಿ. ಈ ಮಾತ ಯೋಳಾಕಿಲ್ಲ. ನಿಂಗೂ ಬಾಯದೆ, ಅವನ್ಗೂ ಕಿವಿಯವೆ. ನಾಳೆ ಏನಾರ ಎಚ್ಚುಕಮ್ಮಿ ಆದ್ರೆ ಈ ಮುದುಕಿ ಮಧ್ಯ ಕೂತಿದ್ಲು ಅದ್ಕೇ ಮಾತಾಡ್ನಿಲ್ಲ ಅಂತ ಅನ್ಬ್ಯಾಡ." ಪಟ್ ಅಂತ ಇಟ್ಟಳು.

ಫೋನು ಮುಂದೆಯೇ ಇತ್ತು. ಚಾಮರಾಜನಗರದ ಬಟನ್ ಒತ್ತಿ ಒತ್ತಿ ಬೆಳ್ಳಗಾಗಿತ್ತು. ಪಕ್ಕದ ಉಡಿಗಾಲದ ಬಟನ್ ಹೊಸದರ ಹಾಗೇ ಕಪ್ಪಗಿತ್ತು. ಮೊಬೈಲಲ್ಲಿ ಬ್ಲಾಕ್ ತೆಗೆದು ಮಾಡೋದು ಅಂದರೆ ನನಗೆ ಸೋತು ಕಾಲಿಗೆ ಬಿದ್ದ ಹಾಗೆ. ಅವನು ನನ್ನ ಬ್ಲಾಕ್ ತೆಗೆದಿರಲ್ಲ, ಅದು ಹೋಗೋದೂ ಇಲ್ಲ. ಅಂಗಡಿಯ ಫೋನಾದರೆ ಅಂಗಡಿಯಿಂದ ಅಂಗಡಿಗೆ, ಅದರಲ್ಲೇನು ಮಾನ ಹೋಗೋದಿದೆ. ಹೀಗೆ ಯೋಚನೆ ಮಾಡ್ತಾ ನನ್ನ ಮೇಲೇ ನಂಗೆ ಹೇಸಿಗೆ ಆಯ್ತು. ಥೂ, ಎಂಥ ಲೆಕ್ಕಾಚಾರ ಇದು, ಒಬ್ಬ ಎದೆ ಕುಯ್ಸ್ಕೊಳ್ಳೋಕೆ ಹೋಗ್ತಾವ್ನೆ. ಬಟನ್ ಒತ್ತಿದೆ.

ರಿಂಗಾಯ್ತು. ಎತ್ತಿದರು.

ಎತ್ತಿದ್ದು ಅವನೇ ಅಂತ ನಂಗೆ ಗೊತ್ತಿತ್ತು, ಆ ಮೇಜಿನ ಫೋನು ಬೇರೆ ಯಾರೂ ಮುಟ್ಟೋ ಹಾಗಿಲ್ಲ. "ಅಣ್ಣ" ಅಂದೆ. ಎರಡು ವರ್ಷದ ಮೇಲೆ ಆ ಪದ ಬಾಯಲ್ಲಿ ದಪ್ಪಗೆ ಬಂತು. ಆ ಕಡೆಯಿಂದ ಏನೂ ಇಲ್ಲ. "ನಾನು ಕಣಣ್ಣ" ಅಂದೆ. ಏನೂ ಇಲ್ಲ. "ದೊಡ್ಡವ್ವ ಹೇಳಿದ್ಲು. ನಾಳೆ ನಾನೂ ಬತ್ತೀನಿ ಮೈಸೂರ್ಗೆ." ಉಸಿರಿನ ಸದ್ದೂ ಇಲ್ಲ. ಅವನು ಕೋಪ ಬಂದಾಗ ಮೂಗಲ್ಲಿ ಬುಸುಗುಟ್ಟೋನು, ಅದೂ ಇಲ್ಲ. "ಬ್ಯಾಡ ಅಂದ್ರೆ ಬ್ಯಾಡ ಅಂತಾದ್ರೂ ಅನ್ನು," ಅಂದೆ. ಆಮೇಲೆ ನಾನೂ ಸುಮ್ಮನಾದೆ. ಇಬ್ಬರೂ ಫೋನು ಹಿಡಿದುಕೊಂಡೇ ಇದ್ದೆವು. ಕೊನೆಗೆ ಆ ಕಡೆಯೇ ಇಟ್ಟ ಸದ್ದಾಗಿ ಲೈನು ಕಟ್ಟಾಯ್ತು.

ಓಹೋ, ಅಂದುಕೊಂಡೆ. ಎತ್ತಿ, ಕೇಳಿಸಿಕೊಂಡು, ಒಂದು ಮಾತೂ ಆಡದೆ ಇಟ್ಟ. ಅಷ್ಟು ದೊಡ್ಡ ಮನುಷ್ಯ! ಲೈನಿನ ಮೇಲೆ ಅನುಮಾನ ಬರಬೇಕಿತ್ತು ಅಂತ ಈಗ ನೀವು ಹೇಳಬಹುದು. ರಿಂಗಾಗಿತ್ತು, ಎತ್ತಿದ್ದ. ಕೆಟ್ಟ ಲೈನು ರಿಂಗಾಗಲ್ಲ ಅಂತ ಯಾರು ಬೇಕಾದರೂ ಅಂದುಕೊಳ್ತಾರೆ. ಅದೂ ಅಲ್ಲದೆ ಅವನು ಮಾತಾಡಲ್ಲ ಅನ್ನೋದನ್ನು ನಂಬೋಕೆ ನಾನು ಎರಡು ವರ್ಷದಿಂದ ತಯಾರಾಗೇ ಕೂತಿದ್ದೆ.

ಬೆಳಿಗ್ಗೆ ಎದ್ದು ಸ್ನಾನ ಮಾಡಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ. "ಮೈಸೂರ್ಗಾ?" ಅಂದಳು ಹೆಂಡತಿ. ಇಲ್ಲ, ಮಂಡಿಗೆ ಅಂದೆ. ಅವಳು ಏನೋ ಹೇಳೋಕೆ ಬಂದವಳು ನನ್ನ ಮುಖ ನೋಡಿ ಒಳಗೆ ಹೋದಳು. ಮಂಡಿ ಬಾಗಿಲು ತೆಗೆದೆ, ಕಸ ಗುಡಿಸಿಸಿದೆ, ಟೀ ತರಿಸಿದೆ. ಬೇಜಾರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಂದವರಿಗೆ ಕಾಯಿ ತೋರಿಸಿದೆ. ಯಾರೋ ತಮಾಷೆ ಮಾಡಿದರು, ನಕ್ಕೆ.

ಮಾರನೇ ದಿನ ದೊಡ್ಡವ್ವನ ಫೋನು ಬಂತು. ಆಪರೇಷನ್ ಆಗಿತ್ತಂತೆ, ಆದರೆ ಎದೆ ಬಡಿತ ಮತ್ತೆ ಸರಿಯಾಗಿ ಹತ್ತಿಕೊಳ್ಳಲೇ ಇಲ್ಲವಂತೆ. "ಓದ ಕಣ್ಲಾ" ಅಂದಳು. ಅಷ್ಟೇ ಅಂದಿದ್ದು. ಅವಳು ಅಳೋದು ಕೇಳ್ತಾ ನಾನು ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಳ್ತಿದ್ದೆ. ಬೆರಳ ತುದಿ ನೀಲಿಯಾದ ಮೇಲೆ ಬಿಡಿಸಿದೆ.

ಹೆಗಲು ಕೊಟ್ಟೆ. ಮಣ್ಣು ಹಾಕಿದೆ. ಜನ ನನ್ನನ್ನು ನೋಡ್ತಿದ್ದರು, ಈಗಾದರೂ ಅಳ್ತಾನಾ ಅಂತ. ನಂಗೂ ಅದೇ ಕುತೂಹಲ ಇತ್ತು. ಬರಲಿಲ್ಲ. ಅತ್ತಿಗೆ ಒಮ್ಮೆ ನನ್ನ ಕೈ ಹಿಡಿದುಕೊಂಡಳು, ಯಾರದೋ ಕೈ ಹಿಡಿದ ಹಾಗಿತ್ತು. ಅವನೇ ಬೇಡ ಅಂದ ಮೇಲೆ ನಾನೇನು ಮಾಡಲಿ ಅನ್ನೋದನ್ನು ಒಳಗೊಳಗೇ ಹೇಳಿಕೊಳ್ತಿದ್ದೆ. ಅದೊಂದು ಮಾತು ನನ್ನನ್ನು ನಿಲ್ಲಿಸಿತ್ತು.

ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದೆವು. ನೆಂಟರೆಲ್ಲ ಮನೆಯಲ್ಲಿ ಊಟಕ್ಕೆ ಕೂತಿದ್ದರು. ನಾನು ಗೋಡೌನಿನ ಕಡೆ ನಡೆದೆ. ಗೊನೆ ಹಾಗೇ ಬಿದ್ದಿದ್ದವು, ಹಣ್ಣಾದ ವಾಸನೆ ಬರ್ತಿತ್ತು. ಅವನ ಮೇಜಿನ ಹತ್ತಿರ ನಿಂತಿದ್ದಾಗ ಅತ್ತಿಗೆ ಬಂದಳು. ಊಟಕ್ಕೆ ಕರೆಯೋಕೆ ಬಂದವಳು ಅಲ್ಲೇ ಗೊನೆ ಇಳಿಸೋ ಕಟ್ಟೆ ಮೇಲೆ ಕೂತಳು.

"ಅವತ್ತು ನೀನು ಫೋನ್ ಮಾಡಿದ್ಯಲ್ಲಪ್ಪ, ಆಗ ನಾನಿಲ್ಲೇ ಇದ್ದೆ. ಗುಂಡ್ಲುಪೇಟೆ ಅಂತ ತೋರುಸ್ತು. ಮಾತ್ರೆ ಕೈಲಿತ್ತು, ಅದ್ನ ಬುಟ್ಟು ಎತ್ಕಂಡ್ರು."

ನಾನು ಮೇಜಿನ ಮೇಲಿನ ಫೋನಿನ ಕಡೆ ನೋಡಿದೆ.

"ಏನ್ಲಾ, ಅಂದ್ರು. ನೀನು ಮಾತಾಡ್ನಿಲ್ಲ. ಉಂಡ್ಯೇನ್ಲಾ, ಅಂದ್ರು. ಅದ್ಕೂ ಮಾತಾಡ್ನಿಲ್ಲ. ಇನ್ನೊಂದು ಸಲ ಅಂದ್ರು, ಉಂಡ್ಯೇನ್ಲಾ ಅಂತ. ಕಿವೀಗ್ ಇಡ್ಕಂಡೇ ಕೂತಿದ್ರು, ನೀನು ಇಟ್ಟೀಯೇನೋ ಅಂತ. ನೀನು ಇಡ್ನೂ ಇಲ್ಲ."

ಆಗ ಗೊತ್ತಾಯ್ತು. ಡಿಪ್ಲೊಮಾ ಓದಿದ ಈ ತಲೆಗೆ ಆಗ ಗೊತ್ತಾಯ್ತು. ಫೋನುಗಳ ಯಜಮಾನ ಪೆಟ್ಟಿಗೆ ಇರೋದು ಚಾಮರಾಜನಗರದ ಆಫೀಸಿನಲ್ಲಿ. ನಾನು ಬಟನ್ ಒತ್ತಿದರೆ ಆ ಸುದ್ದಿ ಅಲ್ಲಿಗೆ ಹೋಗುತ್ತೆ, ಆ ಪೆಟ್ಟಿಗೆ ಉಡಿಗಾಲದ ಫೋನನ್ನು ರಿಂಗ್ ಮಾಡುತ್ತೆ. ಎತ್ತಿದ್ದೂ ಅದರ ಮೂಲಕವೇ ನನಗೆ ತಿಳಿಯುತ್ತೆ, ಇಟ್ಟಿದ್ದೂ ಅಷ್ಟೆ. ಅಲ್ಲಿಗೆ ಪೆಟ್ಟಿಗೆಯ ಕೆಲಸ ಮುಗೀತು. ಎತ್ತಿದ ಮೇಲೆ ಸ್ವರ ಮಾತ್ರ ಅಲ್ಲಿಗೆ ಹೋಗಲ್ಲ, ನನ್ನ ಫೋನಿಂದ ಅವನ ಫೋನಿಗೆ ನೇರ ಹೋಗುತ್ತೆ. ಆ ನೇರ ದಾರಿಯನ್ನೇ ನಾವಿಬ್ಬರೂ ಕೂಡಿ ಮುಚ್ಚಿಸಿದ್ದು. ನನ್ನ ಮಾತೂ ದಾರಿಯಲ್ಲಿ ಬಿತ್ತು, ಅವನದೂ ಬಿತ್ತು. ಯಂತ್ರ ಕೆಟ್ಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿತ್ತು.

"ಅತ್ತಿಗೆ, ನಾನು ಮಾತಾಡ್ದೆ," ಅಂದೆ. ನನ್ನ ಸ್ವರ ನಂಗೇ ಕೇಳಿಸಲಿಲ್ಲವೇನೋ ಅನ್ನಿಸಿ ಇನ್ನೊಂದು ಸಲ ಅಂದೆ. "ನಾನು ಮಾತಾಡ್ದೆ ಅತ್ತಿಗೆ. ನಾನೂ ಬತ್ತೀನಿ ಅಂದೆ. ಲೈನಲ್ಲಿ ಹೋಗ್ಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ, ಸಮಾಧಾನಕ್ಕೆ ಹೇಳ್ತಾನೆ ಅಂದುಕೊಂಡಳೋ ತಿಳಿಯಲಿಲ್ಲ. ಸೆರಗಲ್ಲಿ ಮೂಗೊರೆಸಿಕೊಂಡಳು.

"ಇರ್ಲಿ ಬುಡಪ್ಪ. ಅವ್ರೇನು ಬೇಜಾರು ಮಾಡ್ಕಳ್ನಿಲ್ಲ. ಫೋನ್ ಇಟ್ಟು ನಂತಾವ ಏನಂದ್ರು ಗೊತ್ತಾ? ಅಳ್ತಾವ್ನೆ ಕಣಮ್ಮಿ, ಮಾತು ಹೊರಡ್ತಿಲ್ಲ ಅವನ್ಗೆ, ಬೆಳಿಗ್ಗೆ ಬತ್ತಾನೆ ನೋಡು, ಅಂದ್ರು."

ಅದೇ ಮೌನ ನನ್ನ ಕಿವಿಗೂ ಬಿದ್ದಿತ್ತು. ನಾನು ಅದರಲ್ಲಿ ಕೇಳಿಸಿಕೊಂಡಿದ್ದೇ ಬೇರೆ. ಮೇಜಿನ ಅಂಚು ಹಿಡಿದುಕೊಂಡೆ. ಕಾಲು ಜುಮ್ ಅಂತಿತ್ತು, ಸಾವಿರ ಸೂಜಿ ಒಟ್ಟಿಗೆ ಚುಚ್ಚಿದ ಹಾಗೆ. ನಿಲ್ಲೋಕಾಗಲಿಲ್ಲ, ಅವನ ಕುರ್ಚಿಯಲ್ಲೇ ಕೂತೆ.

"ಬೆಳಿಗ್ಗೆ ಕಾರಲ್ಲಿ ಮುಂದ್ಗಡೆ ಸೀಟಲ್ಲಿ ಯಾರ್ನೂ ಕೂರುಸ್ನಿಲ್ಲ," ಅಂದಳು ಅತ್ತಿಗೆ. ಅವಳಿಗೆ ಹೇಳಿ ಮುಗಿಸಬೇಕಿತ್ತು. "ನಂಜನಗೂಡಲ್ಲಿ ನಿಮ್ ಗುಂಡ್ಲುಪೇಟೆ ರಸ್ತೆ ಬಂದು ಸೇರ್ಕತದಲ್ಲ, ಅಲ್ಲಿ ನಿಲ್ಸು ಅಂದ್ರು. ಟೀ ಕುಡಿಯನ ಅಂದ್ರು. ಡಾಕ್ಟ್ರು ಏನೂ ಕುಡೀಬ್ಯಾಡಿ ಅಂದವ್ರೆ, ನಿಮ್ಗೇನು ತಲೆ ಕೆಟ್ಟದಾ ಅಂತ ಬೈದೆ. ಕುಡಿಯಾಕಿಲ್ಲ ಕಣಮ್ಮಿ, ಸುಮ್ಕೆ ಇಡ್ಕಂಡಿರ್ತೀನಿ ಅಂದ್ರು."

"ಎಷ್ಟೊತ್ತು ಅತ್ತಿಗೆ?" ಅಂದೆ.

"ಟೀ ತಣ್ಣಗಾಗೋಗಂಟ. ಅಂಗಡಿ ಮುಂದ್ಲ ಕಲ್ಲಿನ ಮ್ಯಾಲೆ ಕೂತಿದ್ರು. ಗುಂಡ್ಲುಪೇಟೆ ಕಡೆಯಿಂದ ಬಸ್ಸು ಬಂದಾಗೆಲ್ಲ ಎದ್ದು ನಿಂತ್ಕತಿದ್ರು."